ಸತ್ಯಾಂಶ: ಅಂಗಗಳ ಹೆಸರು ತಿಳಿದರೆ ಮಕ್ಕಳು ಕೆಡುತ್ತಾರೆಯೇ?

ಪುಟ್ಟ ಮಕ್ಕಳಿಗೆ ಗುಪ್ತಾಂಗಗಳ ಹೆಸರು ಹೇಳಿಕೊಟ್ಟರೆ ಅವರು ಬೇಗ ದಾರಿತಪ್ಪುತ್ತಾರೆಂಬ ಸಂದೇಶ ಮುಂಬಯಿ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಮರಳಿ ಬರುತ್ತದೆ. ಹಂಚುವವರ ಕಾಳಜಿ ಪ್ರಾಮಾಣಿಕವಾದುದೇ. ಆದರೆ ಮಾತು ನಿಜವಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿದ ವಿಶ್ವಸಂಸ್ಥೆಯ ಅಂಗವಾದ ಯುನೆಸ್ಕೋದ 2018ರ ಅಂತಾರಾಷ್ಟ್ರೀಯ ಮಾರ್ಗಸೂಚಿಯು, ವಯಸ್ಸಿಗೆ ತಕ್ಕ ಲೈಂಗಿಕ ಶಿಕ್ಷಣವು ಮಕ್ಕಳನ್ನು ಲೈಂಗಿಕ ಚಟುವಟಿಕೆಗೆ ದೂಡುವುದಿಲ್ಲವೆಂದು ಹೇಳುತ್ತದೆ; ಅದರ ಮೊದಲ ಹಂತವೇ 5ರಿಂದ 8 ವರ್ಷದವರಿಗಾಗಿ ಇದೆ. ಅಂಗದ ಹೆಸರೇ ಗೊತ್ತಿಲ್ಲದ ಮಗು, ಯಾರಾದರೂ ಕೆಟ್ಟದಾಗಿ ಮುಟ್ಟಿದರೆ ಅದನ್ನು ಹೇಗೆ ತಾನೇ ವಿವರಿಸೀತು? ಈ ಅಂಗಗಳಿಗೆ ನಮ್ಮ ಮನೆಯಲ್ಲಿ ಬಳಸುವ ಕನ್ನಡ ಮುದ್ದುಹೆಸರು ಮರಾಠಿ ಶಿಕ್ಷಕಿಗೆ ಅರ್ಥವಾಗದೆಂಬುದೂ ಇಲ್ಲಿ ಸಣ್ಣ ಸಂಗತಿಯಲ್ಲ. ಸಂದೇಶದಲ್ಲಿ ‘ಸಂಶೋಧನೆ’ ಎಂದಿದ್ದರೆ ಅದನ್ನು ಯಾರು, ಯಾವ ವರ್ಷ, ಎಷ್ಟು ಮಕ್ಕಳ ಮೇಲೆ ನಡೆಸಿದರೆಂದು ಹುಡುಕಬಹುದು. ಉತ್ತರ ಸಿಗದಿದ್ದರೆ, ಮುಂದಕ್ಕೆ ಕಳುಹಿಸುವ ಮೊದಲು ಮಕ್ಕಳ ವೈದ್ಯರನ್ನು ಕೇಳಬಹುದು.