ದಾಖಲೆಯಲ್ಲಿಲ್ಲದ ಫಂಕ್ಷನ್ ಕರೆಯುವ ಮುಂಚೆ

ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಕಂಪ್ಯೂಟರ್ ಕಲಿಯುವುದು ಕೇರಳ ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆಯಾದ ಕೈಟ್‌ನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ. ಓದು ಮುಗಿಸಿ ಬೆಳಗಿನ ರೈಲು ಹಿಡಿದು ಮಂಗಳೂರಿಗೆ ಕೆಲಸಕ್ಕೆ ಹೋದರೆ ಎದುರಿಗಿರುವುದು ಹೆಚ್ಚಾಗಿ ವಿಂಡೋಸ್, ಇಲ್ಲವೇ ಆಂಡ್ರಾಯ್ಡ್. ಈ ದಾಟುವಿಕೆಯಲ್ಲಿ ಒಂದು ನಂಬಿಕೆಯೂ ಜತೆಗೆ ಬಂದುಬಿಡುತ್ತದೆ: ಸಿಸ್ಟಮ್ ಕಾಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್‌ನಿಂದ ಪ್ರೋಗ್ರಾಮ್ ಕೆಲಸ ಕೇಳುವ ಕರೆ) ಬದಲಾಗುವುದಿಲ್ಲ, ಅದನ್ನು ನೇರವಾಗಿ ಕರೆದರೆ ತೊಂದರೆ ಇಲ್ಲ ಎಂದು.

ಲಿನಕ್ಸ್ ಮಟ್ಟಿಗೆ ಅದು ನಿಜ. 64 ಬಿಟ್ ಇಂಟೆಲ್ ಯಂತ್ರದ ಲಿನಕ್ಸ್‌ನಲ್ಲಿ ಓದುವ ಕರೆಯಾದ ರೀಡ್‌ನ ಸಂಖ್ಯೆ 0, ಬರೆಯುವ ರೈಟ್‌ನದ್ದು 1. ಅದನ್ನು ಬದಲಿಸಿ ಹಳೆಯ ಪ್ರೋಗ್ರಾಮುಗಳನ್ನು ಕೆಡಿಸಬಾರದು ಎಂಬುದು ಆ ಕರ್ನೆಲ್‌ನ ಕಟ್ಟುನಿಟ್ಟಿನ ನಿಯಮ. ವಿಂಡೋಸ್‌ನಲ್ಲಿ ಅಂಥ ಮಾತನ್ನು ಯಾರೂ ಕೊಟ್ಟಿಲ್ಲ. ಫೈಲ್ ತೆರೆಯುವ ಎನ್‌ಟಿ ಕ್ರಿಯೇಟ್ ಫೈಲ್ ಕರೆಯ ಸಂಖ್ಯೆ 64 ಬಿಟ್ ವಿಂಡೋಸ್ 7ರಲ್ಲಿ ಹೆಕ್ಸ್ (16ರ ಎಣಿಕೆ) 52, 8ರಲ್ಲಿ 53, 8.1ರಲ್ಲಿ 54, 10ರಲ್ಲಿ 55. ಕೋಡಿನಲ್ಲಿ 52 ಎಂದು ಬರೆದಿಟ್ಟವನು ಮುಂದಿನ ಆವೃತ್ತಿಯಲ್ಲಿ ಬೇರೆ ಯಾವುದೋ ಫಂಕ್ಷನ್ನಿಗೆ ಫೈಲ್ ತೆರೆಯುವ ಮಾಹಿತಿ ಕೊಡುತ್ತಿರುತ್ತಾನೆ. ವಿಂಡೋಸ್‌ನ ಗಡಿ ಇರುವುದು ಮೈಕ್ರೋಸಾಫ್ಟ್‌ನ ಅಧಿಕೃತ ದಾಖಲೆಯಲ್ಲಿರುವ ಡಿಎಲ್ಎಲ್ (ವಿಂಡೋಸ್‌ನ ಲೈಬ್ರರಿ ಫೈಲ್) ಫಂಕ್ಷನ್‌ಗಳಲ್ಲಿ. ಮ್ಯಾಕ್‌ನಲ್ಲಿ ಆ ಗಡಿ ಲಿಬ್‌ಸಿಸ್ಟಮ್ ಎಂಬ ಲೈಬ್ರರಿ. ಗೋ ಭಾಷೆಯವರು ಅದನ್ನು ಬದಿಗಿಟ್ಟು ನೇರ ಸಿಸ್ಟಮ್ ಕಾಲ್ ಮಾಡುತ್ತಿದ್ದರು. 2016ರಲ್ಲಿ ಮ್ಯಾಕ್ ಸಿಯೆರಾ ಬಂದಾಗ ಹೊತ್ತು ಕೇಳುವ ಗೆಟ್‌ಟೈಮ್‌ಆಫ್‌ಡೇ ಕರೆಯ ಒಳರೀತಿ ಬದಲಾಯಿತು. ಹಳೆಯ ಗೋ ಪ್ರೋಗ್ರಾಮುಗಳು ಕುಸಿದುಬಿದ್ದವು, ಹೊಸ ಕಂಪೈಲರ್‌ನಲ್ಲಿ ಮತ್ತೆ ಕಟ್ಟಬೇಕಾಯಿತು. 2018ರ ಗೋ 1.11ರಿಂದ ಅವರೂ ಲಿಬ್‌ಸಿಸ್ಟಮ್ ದಾರಿಗೇ ಬಂದರು.

ಪಕ್ಕದ ಮನೆಯವರ ಅಡಿಕೆ ತೋಟದೊಳಗಿನ ಕಾಲುದಾರಿಯ ಹಾಗೆ, ದಾಖಲೆಯಲ್ಲಿಲ್ಲದ ಇಂಥ ಕರೆ. ಹತ್ತು ವರ್ಷ ನಡೆದಿರಬಹುದು. ಒಂದು ದಿನ ಅವರು ಬೇಲಿ ಕಟ್ಟಿ ತಡಮೆ ಮುಚ್ಚಿದರೆ ಜಗಳಕ್ಕೆ ಹೋಗಲು ನಮ್ಮ ಕೈಯಲ್ಲಿ ಏನಿದೆ?

ಫಂಕ್ಷನ್ ಮಾಯವಾಗುವುದು ಇದ್ದುದರಲ್ಲಿ ಒಳ್ಳೆಯ ಕೇಡು ಎನ್ನಬೇಕು. ಲಿಂಕ್ ಮಾಡುವಾಗಲೇ ಅದನ್ನು ಸೇರಿಸಿದ್ದರೆ ಪ್ರೋಗ್ರಾಮ್ ತೆರೆಯುವುದೇ ಇಲ್ಲ, ಎಂಟ್ರಿ ಪಾಯಿಂಟ್ ಸಿಗಲಿಲ್ಲ ಎಂಬ ಪೆಟ್ಟಿಗೆ ಬರುತ್ತದೆ; ಕಾರಣವಾದರೂ ಕಣ್ಣೆದುರಿಗಿರುತ್ತದೆ. ಹೆಸರು ಅದೇ ಇದ್ದು ಒಳಗಿನ ಸ್ಟ್ರಕ್ಚರ್ (ಮಾಹಿತಿಯ ಜೋಡಣೆ) ಬೇರೆಯಾದರೆ ದೋಷದ ಸಂದೇಶವೂ ಇಲ್ಲ. ಇನ್ನೊಂದು ಪ್ರೊಸೆಸ್‌ನ (ಓಡುತ್ತಿರುವ ಪ್ರೋಗ್ರಾಮಿನ) ಕಮಾಂಡ್ ಲೈನ್, ಅಂದರೆ ಅದನ್ನು ಶುರುಮಾಡಿದ ಆದೇಶದ ಸಾಲು, ಓದುವ ಕೋಡನ್ನೇ ನೋಡಿ. ಎನ್‌ಟಿ ಕ್ವೆರಿ ಇನ್ಫರ್ಮೇಶನ್ ಪ್ರೊಸೆಸ್ ಕರೆದು ಪಿಇಬಿಯ (ಪ್ರೊಸೆಸ್‌ನ ವಿವರಗಳಿರುವ ಮೆಮೊರಿ ಭಾಗ) ವಿಳಾಸ ಪಡೆಯುತ್ತಾರೆ, ಅಲ್ಲಿಂದ ಪ್ರೊಸೆಸ್ ಪ್ಯಾರಾಮೀಟರ್ಸ್, ಅಲ್ಲಿಂದ ಸ್ಟ್ರಿಂಗ್. 32 ಬಿಟ್‌ನಲ್ಲಿ ಈ ಎರಡು ಹೆಜ್ಜೆಗಳ ಆಫ್‌ಸೆಟ್ (ಆರಂಭದಿಂದ ಇರುವ ದೂರ) ಹೆಕ್ಸ್ 10 ಮತ್ತು 40. 64 ಬಿಟ್‌ನಲ್ಲಿ 20 ಮತ್ತು 70. ಅಂತರ್ಜಾಲದಿಂದ ನಕಲು ಮಾಡಿದ ಕೋಡಿನಲ್ಲಿ ಒಂದು ಜೋಡಿ ಮಾತ್ರ ಇರುತ್ತದೆ. ಇನ್ನೊಂದು ಬಗೆಯ ಬಿಲ್ಡ್ ಮಾಡಿದ ದಿನ ಸಿಗುವುದು ಕಸ, ಅಥವಾ ಖಾಲಿ. ಖಾಲಿ ಸಿಕ್ಕಿದರೆ ‘ಆ ಪ್ರೊಸೆಸ್‌ಗೆ ಆರ್ಗ್ಯುಮೆಂಟ್ ಇಲ್ಲ’ ಎಂದು ಪ್ರೋಗ್ರಾಮ್ ಸಮಾಧಾನವಾಗಿ ಮುಂದೆ ಹೋಗುತ್ತದೆ. ಅದೇ ಕಮಾಂಡ್ ಲೈನ್ ಯಂತ್ರದ ಮಾಹಿತಿ ಕೇಳುವ ವಿಂಡೋಸ್ ಸೌಲಭ್ಯವಾದ ಡಬ್ಲ್ಯುಎಂಐನ ವಿನ್32 ಪ್ರೊಸೆಸ್‌ನಲ್ಲಿ ದಾಖಲಿತವಾಗಿಯೇ ಸಿಗುತ್ತದೆ. ನಿಧಾನ, ಹೌದು. ಗಂಟೆಗೊಮ್ಮೆ ಓದುವವನಿಗೆ ಆ ನಿಧಾನದಿಂದ ಏನು ನಷ್ಟ? ತಾಯಿ ಪ್ರೊಸೆಸ್‌ನ ಐಡಿ ಮಾತ್ರ ಬೇಕಿದ್ದರೆ ಟೂಲ್‌ಹೆಲ್ಪ್ ಸ್ನ್ಯಾಪ್‌ಶಾಟ್ ಸಾಕು.

ಕರ್ನೆಲ್ ಒಳಗೆ ಕೈಹಾಕಿದರೆ ಪೆಟ್ಟು ಇನ್ನೂ ಜೋರು. 2018ರ ಜನವರಿಯಲ್ಲಿ ಪ್ರೊಸೆಸರ್‌ಗಳ ಮೆಲ್ಟ್‌ಡೌನ್ ಭದ್ರತಾ ದೋಷಕ್ಕೆ ವಿಂಡೋಸ್ ಪ್ಯಾಚ್ ಬಂತು. ಕರ್ನೆಲ್ ಮೆಮೊರಿಗೆ ಬೆಂಬಲವಿಲ್ಲದ ಕರೆ ಮಾಡುತ್ತಿದ್ದ ಕೆಲವು ಆಂಟಿವೈರಸ್‌ಗಳಿಂದಾಗಿ ಯಂತ್ರ ನೀಲಿ ಪರದೆ ತೋರಿಸುತ್ತಿತ್ತು. ಆಂಟಿವೈರಸ್ ತಾನು ಸರಿಯಿದ್ದೇನೆ ಎಂದು ರಿಜಿಸ್ಟ್ರಿಯಲ್ಲಿ ಒಂದು ಕೀ ಬರೆದರೆ ಮಾತ್ರ ಅಪ್‌ಡೇಟ್ ಕೊಡುವ ಏರ್ಪಾಡಾಯಿತು. ಕೀ ಇಲ್ಲದ ಯಂತ್ರಗಳಿಗೆ ಭದ್ರತಾ ಅಪ್‌ಡೇಟ್ ನಿಂತೇಹೋಯಿತು. ಅಡ್ಡದಾರಿ ಹಿಡಿದವರು ಆಂಟಿವೈರಸ್ ಬರೆದವರು, ಅಪ್‌ಡೇಟ್ ಇಲ್ಲದೆ ಉಳಿದವರು ಗ್ರಾಹಕರು. ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಅಂಗಡಿ ಇಟ್ಟವರಿಗೆ ರಾತ್ರಿ ಅಪ್‌ಡೇಟ್ ಆಗಿ ಬೆಳಗ್ಗೆ ಬಿಲ್ಲಿಂಗ್ ತೆರೆಯದಿದ್ದರೆ ಕೇಳಲು ಐಟಿ ವಿಭಾಗ ಎಲ್ಲಿದೆ?

ಲಿನಕ್ಸ್‌ನವರು ಬೀಗುವುದೂ ಬೇಡ. ಅದರ ಮಾತು ಹೊರಗಿನ ಪ್ರೋಗ್ರಾಮುಗಳಿಗೆ ಮಾತ್ರ. ಕರ್ನೆಲ್‌ನೊಳಗೆ ಸೇರಿಕೊಳ್ಳುವ ಮಾಡ್ಯೂಲ್‌ಗಳಿಗೆ ಅಲ್ಲ. 2020ರ ಕರ್ನೆಲ್ 5.7ರಲ್ಲಿ, ಹೆಸರು ಕೊಟ್ಟರೆ ವಿಳಾಸ ಹುಡುಕಿಕೊಡುವ ಕಾಲ್‌ಸಿಮ್ಸ್ ಲುಕಪ್ ನೇಮ್ ಫಂಕ್ಷನ್ ಮಾಡ್ಯೂಲ್‌ಗಳಿಗೆ ಸಿಗದಂತೆ ಅದರ ಎಕ್ಸ್‌ಪೋರ್ಟ್ ತೆಗೆದಾಗ ಅದನ್ನೇ ನೆಚ್ಚಿದ್ದ ಹೊರಗಿನ ಮಾಡ್ಯೂಲ್‌ಗಳು ಸಿಕ್ಕಿಬಿದ್ದವು. ಆಂಡ್ರಾಯ್ಡ್ 2018ರ 9ನೇ ಆವೃತ್ತಿಯಿಂದ ಎಸ್‌ಡಿಕೆಯಲ್ಲಿಲ್ಲದ (ಆ್ಯಪ್ ಬರೆಯುವವರಿಗೆ ಕೊಟ್ಟ ಅಧಿಕೃತ ಕಿಟ್‌ನಲ್ಲಿಲ್ಲದ) ಕರೆಗಳಿಗೆ ಬೀಗ ಹಾಕುತ್ತ ಬಂದಿದೆ. ರಿಫ್ಲೆಕ್ಷನ್‌ನಲ್ಲಿ, ಅಂದರೆ ಓಡುವಾಗ ಹೆಸರು ಹಿಡಿದು ಹುಡುಕಿದರೆ ಅಂಥ ಮೆಥಡ್ ಇಲ್ಲ ಎಂದೇ ಉತ್ತರ. ಆಂಡ್ರಾಯ್ಡ್‌ನ ತಪ್ಪು ಹುಡುಕುವ ಸಾಧನ ಸ್ಟ್ರಿಕ್ಟ್‌ಮೋಡ್‌ನಲ್ಲಿ ಇದನ್ನು ಹಿಡಿಯುವ ಆಯ್ಕೆ ಇದೆ, ಡೀಬಗ್ ಬಿಲ್ಡ್‌ನಲ್ಲಿ ಹಾಕಿಡಿ. ಎಷ್ಟೋ ಸಲ ಸಿಕ್ಕಿಬೀಳುವುದು ನಿಮ್ಮ ಕೋಡಲ್ಲ, ನೀವು ಸೇರಿಸಿದ ಲೈಬ್ರರಿ.

ಬೇರೆ ದಾರಿಯೇ ಇಲ್ಲದಿದ್ದರೆ? ಅಂಥ ಕರೆಗಳೆಲ್ಲ ಒಂದೇ ಫೈಲಿನಲ್ಲಿರಲಿ. ಲಿಂಕ್ ಮಾಡಬೇಡಿ, ಗೆಟ್ ಪ್ರಾಕ್ ಅಡ್ರೆಸ್‌ನಿಂದ ಓಡುವಾಗ ಹುಡುಕಿ, ಸಿಗದಿದ್ದರೆ ಆ ಒಂದು ಸೌಲಭ್ಯ ಮಾತ್ರ ಮುಚ್ಚಿ, ಪ್ರೋಗ್ರಾಮ್ ಪೂರ್ತಿ ಬೀಳದಿರಲಿ. ವಿಂಡೋಸ್ ಆವೃತ್ತಿ ನೋಡಿ ನಿರ್ಧರಿಸುವವರು ಒಂದು ಗಮನಿಸಬೇಕು: ಮ್ಯಾನಿಫೆಸ್ಟ್ (ಯಾವ ವಿಂಡೋಸ್‌ಗೆ ಹೊಂದುತ್ತದೆ ಎಂದು ಸಾರುವ ವಿವರ) ಇಲ್ಲದ ಪ್ರೋಗ್ರಾಮಿಗೆ ಗೆಟ್ ವರ್ಷನ್ ಇಎಕ್ಸ್ 8.1ರ ನಂತರವೂ 6.2, ಅಂದರೆ ವಿಂಡೋಸ್ 8, ಎಂದೇ ಹೇಳುತ್ತದೆ. ಅದಕ್ಕಿಂತ ನಂಬಿಕಸ್ಥ ಪರೀಕ್ಷೆ ತನ್ನನ್ನೇ ಕೇಳಿಕೊಳ್ಳುವುದು. ಪ್ರೋಗ್ರಾಮ್ ಏಳುವಾಗ ಅದೇ ಅಡ್ಡದಾರಿಯಲ್ಲಿ ತನ್ನದೇ ಕಮಾಂಡ್ ಲೈನ್ ಓದಲಿ, ದಾಖಲಿತ ಗೆಟ್ ಕಮಾಂಡ್ ಲೈನ್ ಕೊಟ್ಟದ್ದರ ಜತೆ ಹೋಲಿಸಲಿ. ಪ್ರೊಸೆಸ್ ಐಡಿಯೂ ತಾಳೆಯಾಗಬೇಕು. ಒಂದಕ್ಷರ ಬೇರೆ ಬಂದರೂ ಸೌಲಭ್ಯ ಬಂದ್, ಲಾಗ್‌ನಲ್ಲಿ ಬಿಲ್ಡ್ ಸಂಖ್ಯೆ. ಹತ್ತು ಸಾಲಿನ ಕೆಲಸ. ಆ ಫೈಲಿನ ನೆತ್ತಿಯ ಮೇಲೆ ಯಾವ ಯಾವ ಬಿಲ್ಡ್‌ನಲ್ಲಿ ಪರೀಕ್ಷಿಸಿದ್ದು, 32 ಬಿಟ್‌ನಲ್ಲೋ 64ರಲ್ಲೋ, ದಾಖಲಿತ ದಾರಿ ಯಾಕೆ ಸಾಲಲಿಲ್ಲ ಎಂದೂ ಬರೆದಿಡಿ; ಮೂರು ವರ್ಷ ಬಿಟ್ಟು ಅದನ್ನು ತೆರೆಯುವುದು ಬೇರೆ ಯಾರೋ.