ಸಾಹಸಕ್ಕೊಂದು ಬಾಲ್ಕನಿ ಕೋಣೆ

ಉತ್ತರ ಧ್ರುವದ ಕಡೆಗಿರುವ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳನ್ನು ನೋಡಹೊರಟವರು ಮೊದಲು ವಿಚಾರಿಸಬೇಕಾದದ್ದು ಹಡಗಿನ ಸಣ್ಣತನವನ್ನು. ಸಾವಿರಾರು ಜನರಿರುವ ಹಡಗಿನಲ್ಲಿ ಹೋದವನು ಬರೀ ಪ್ರವಾಸಿ. ನೂರು ಜನರ ಹಡಗಿನಲ್ಲಿ ಹೋದವನು ಅನ್ವೇಷಕ. ಅನ್ವೇಷಕರ ದರವೇ ಬೇರೆ. ಅಷ್ಟು ಹಣ ತೆತ್ತು ನಿರ್ಜನ ಪ್ರದೇಶ ತಲುಪಿದವನ ಮುಖ್ಯ ಉದ್ಯೋಗವೆಂದರೆ, ಜೊತೆಗೆ ಬಂದ ಉಳಿದ ತೊಂಬತ್ತೊಂಬತ್ತು ಅನ್ವೇಷಕರು ತನ್ನ ಫೋಟೊದೊಳಗೆ ಕಾಲಿಡದಂತೆ ಕಾಯುವುದು.

ನಾರ್ವೆ ಸರ್ಕಾರವೂ ಈಗ ಸಣ್ಣತನದ ಪರವಾಗಿದೆ. 2025ರ ಜನವರಿ 1ರಿಂದ ಅಲ್ಲಿನ ಸಂರಕ್ಷಿತ ಪ್ರದೇಶಗಳಿಗೆ 200ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಬರುವಂತಿಲ್ಲ. ದಡಕ್ಕಿಳಿಯುವುದಾದರೆ ಗೊತ್ತುಪಡಿಸಿದ 43 ತಾಣಗಳಲ್ಲಿ ಮಾತ್ರ. ಹಿಮಕರಡಿಯಿಂದ 300 ಮೀಟರ್, ಮಾರ್ಚ್ 1ರಿಂದ ಜೂನ್ 30ರವರೆಗಾದರೆ 500 ಮೀಟರ್ ದೂರವಿರಬೇಕು. ಕರಡಿಯ ಕಡೆಯಿಂದ ನೋಡಿದರೆ ಇವೆಲ್ಲ ವಿವೇಕದ ನಿಯಮಗಳೇ. ಆದರೆ ಪ್ರವಾಸ ಕಂಪನಿಯ ಕರಪತ್ರದಲ್ಲಿರುವ ಕರಡಿಗೆ ಯಾರೂ ಇದನ್ನು ತಿಳಿಸಿದಂತಿಲ್ಲ; ಅದರ ಮೂಗಿನ ಮೇಲಿನ ಗಾಯದ ಗೆರೆಯೂ ಎಣಿಸುವಷ್ಟು ಸ್ಪಷ್ಟವಾಗಿದೆ. ಅಸಲಿ ಕರಡಿಯಾದರೋ ಅರ್ಧ ಕಿಲೋಮೀಟರ್ ಆಚೆಯ ಹಳದಿ ಚುಕ್ಕೆ. ದುರ್ಬೀನಿಟ್ಟು ಕಾಲು ಗಂಟೆ ನೋಡಿದ ಮೇಲೆ ಅದು ಬಂಡೆಯೆಂದು ಮಾರ್ಗದರ್ಶಿ ವಿನಯದಿಂದ ತಿಳಿಸುವ ಸಂಭವವೂ ಉಂಟು.

ಎರಡನೆಯದಾಗಿ, ಚಳಿಯ ವ್ಯವಸ್ಥೆ ಹೇಗಿದೆಯೆಂದು ಕೇಳಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರಿಗಾಗಿಯೇ ಈ ಹಡಗುಗಳನ್ನು ಕಟ್ಟಿದ್ದಾರೆ. ಹೊರಗೆ ಮಂಜುಗಡ್ಡೆ ತೇಲುತ್ತಿರುವಾಗ ಒಳಗೆ ಗಾಜಿನ ಗೋಡೆಯ ಸೌನಾ ಎಂಬ ಬಿಸಿಕೋಣೆಯಲ್ಲಿ ಬೆವರಬಹುದು. ಬೆವರಿ ಬೇಸರವಾದರೆ ಸೊಂಟಕ್ಕೆ ಹಗ್ಗ ಬಿಗಿಸಿಕೊಂಡು, ಹೆಚ್ಚುಕಡಿಮೆ ಸೊನ್ನೆ ಡಿಗ್ರಿಯ ನೀರಿಗೆ ಒಮ್ಮೆ ಹಾರಿ, ಕಿರುಚಿ, ಏಣಿ ಹಿಡಿದು ಮೇಲೆ ಬಂದು, ಬಿಸಿ ಟವೆಲ್ಲಿನ ಜೊತೆಗೊಂದು ಪ್ರಮಾಣಪತ್ರವನ್ನೂ ಪಡೆಯಬಹುದು. ಹಗ್ಗದ ಇನ್ನೊಂದು ತುದಿಯನ್ನು ಹಿಡಿದು ದಿನವಿಡೀ ಅದೇ ಚಳಿಯಲ್ಲಿ ನಿಲ್ಲುವ ಸಿಬ್ಬಂದಿಗೆ ಪ್ರಮಾಣಪತ್ರದ ಪದ್ಧತಿ ಇದ್ದಂತಿಲ್ಲ.

ಆತ್ಮಸಾಕ್ಷಿಗೂ ಇಲ್ಲಿ ಸಾಕಷ್ಟು ಅನುಕೂಲವಿದೆ. ಬೆಂಗಳೂರಿನಿಂದ ಆಸ್ಲೊ, ಆಸ್ಲೊದಿಂದ ಸ್ವಾಲ್ಬಾರ್ಡಿನ ಮುಖ್ಯ ಊರಾದ ಲಾಂಗ್‌ಯೀರ್‌ಬಿಯೆನ್ ಎಂದು ವಿಮಾನಗಳಲ್ಲಿ ಹಾರಿ ಬಂದವನು ದಡಕ್ಕಿಳಿಯುವ ಮುನ್ನ ಪರದೇಶದ ಒಂದು ಬೀಜವೂ ಹಿಮನಾಡಿಗೆ ಹೋಗದಿರಲೆಂದು ಬೂಟಿನ ಅಡಿಯನ್ನು ಬ್ರಷ್ಷಿನಿಂದ ಉಜ್ಜಿ ತೊಳೆಯುತ್ತಾನೆ. ಇಂಗಾಲವನ್ನು ತೊಳೆಯುವ ಬ್ರಷ್ಷು ಇನ್ನೂ ಬಂದಿಲ್ಲ. ಬರುವವರೆಗೆ ‘ಕರಗುವ ಮುನ್ನ ನೋಡಿಬಿಡಿ’ ಎಂಬ ಕರೆಗೆ ಓಗೊಟ್ಟು, ಕರಗುವುದಕ್ಕೆ ತನ್ನ ಕೈಲಾದ ನೆರವು ನೀಡಿ ಮರಳುವುದು ರೂಢಿ. ಕರಗಿದ್ದರಿಂದ ಲಾಭವೂ ಇಲ್ಲದಿಲ್ಲ: ಅಲ್ಲಿನ ಕೊಲ್ಲಿಯಾದ ಕಾಂಗ್ಸ್‌ಫ್ಯೋರ್ಡ್‌ನ ಬ್ಲೋಮ್‌ಸ್ಟ್ರಾಂಡ್, ಪರ್ಯಾಯದ್ವೀಪವೆಂದು ಬಗೆದಿದ್ದದ್ದು, ಹಿಮನದಿ ಹಿಂದೆ ಸರಿದ ಮೇಲೆ ದ್ವೀಪವೇ ಆಗಿಬಿಟ್ಟಿತು. ಒಂದು ಸುತ್ತು ಹಾಕಲು ಹೊಸ ದಾರಿ ಸಿಕ್ಕಿತು.

ಆ ದ್ವೀಪಕ್ಕೆ ಕರಪತ್ರದ ಪರಂಪರೆ ಹೊಸದೇನಲ್ಲ. 1911ರ ಸುಮಾರಿಗೆ ಅರ್ನೆಸ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಆಂಗ್ಲ ಉತ್ಸಾಹಿ ಅಲ್ಲಿ ಅಮೃತಶಿಲೆಯ ಗಣಿ ತೆರೆದು, ಬಂಡವಾಳಗಾರರನ್ನು ನಂಬಿಸಿ, ಯಂತ್ರಗಳನ್ನೂ ಮನೆಗಳನ್ನೂ ತಂದು ನಿಲ್ಲಿಸಿದ. ಹಿಮದಿಂದ ಒಳಗೊಳಗೇ ಬಿರುಕುಬಿಟ್ಟಿದ್ದ ಕಲ್ಲು ಪುಡಿಪುಡಿಯಾಗಿ ವ್ಯಾಪಾರ ಮುಳುಗಿತು. 1946ಕ್ಕಿಂತ ಹಿಂದಿನ ಮಾನವ ಕುರುಹುಗಳಿಗೆಲ್ಲ ಅಲ್ಲಿ ಕಾನೂನಿನ ರಕ್ಷಣೆಯಿರುವುದರಿಂದ ಅವನ ತುಕ್ಕು ಹಿಡಿದ ಯಂತ್ರಗಳು ಈಗ ಪರಂಪರೆ. ನೀವು ಬೀಳಿಸಿದ ಚಾಕೊಲೇಟ್ ಕಾಗದ ಮಾತ್ರ ಕಸ.

ಕೊನೆಯದಾಗಿ, ಹವಾಮಾನ ನೋಡಿ ಮಾರ್ಗ ಬದಲಾಗಬಹುದು, ಅದಕ್ಕೆ ಹಣ ವಾಪಸಿಲ್ಲ ಎಂಬ ಸಣ್ಣಕ್ಷರದ ಷರತ್ತನ್ನು ಓದಿಕೊಳ್ಳಿ. 2023ರ ಸೆಪ್ಟೆಂಬರಿನಲ್ಲಿ ಗ್ರೀನ್‌ಲ್ಯಾಂಡಿನ ಆಲ್ಪೆಫ್ಯೋರ್ಡ್‌ನಲ್ಲಿ 206 ಜನರಿದ್ದ ಪ್ರವಾಸಿ ಹಡಗು ‘ಓಷನ್ ಎಕ್ಸ್‌ಪ್ಲೋರರ್’ ನೆಲಕಚ್ಚಿ ನಿಂತು, ಭರತದ ನೀರೂ ಎತ್ತದೆ, ಮೂರು ದಿನಗಳ ನಂತರ ಮೀನುಗಾರಿಕಾ ಸಂಶೋಧನೆಯ ಹಡಗೊಂದು ಬಂದು ಅದನ್ನು ಎಳೆದು ಬಿಡಿಸಬೇಕಾಯಿತು. ಕರಪತ್ರದಲ್ಲಿ ಹೇಳಿದ್ದ ಸಾಹಸ ಚಾಚೂತಪ್ಪದೆ ಒದಗಿದ್ದು ಆ ಪ್ರಯಾಣಿಕರಿಗೆ ಮಾತ್ರ, ಅದೂ ಹೆಚ್ಚುವರಿ ಶುಲ್ಕವಿಲ್ಲದೆ.