ಡೋಸ್ ಲೆಕ್ಕ ನರ್ಸ್ ಕೈಯಲ್ಲೇ ಆಗಬೇಕಾ? ಒಂದು ಪರ, ಒಂದು ವಿರೋಧ

ಪರ: ಪಂಪ್ ಬಂದರೂ ಪೆನ್ನು ಬಿಡಬೇಡಿ

ಮಗುವಿನ ತೂಕ 2.4 ಕೆಜಿ. ಜೆಂಟಾಮೈಸಿನ್ ಅನ್ನೋ ಆ್ಯಂಟಿಬಯಾಟಿಕ್ ಕೆಜಿಗೆ 5 ಎಂಜಿ ಕೊಡಿ ಅಂತ ಡಾಕ್ಟರ್ ಆರ್ಡರ್. ಒಟ್ಟು 12 ಎಂಜಿ ಆಯ್ತು. ವಯಲ್ (ಔಷಧಿಯ ಪುಟ್ಟ ಸೀಸೆ) ಮೇಲೆ 1 ಎಂಎಲ್‌ಗೆ 40 ಎಂಜಿ ಅಂತಿದೆ. 12ನ್ನು 40ರಿಂದ ಭಾಗಿಸಿದರೆ 0.3 ಎಂಎಲ್. ಬೇಕಾದ್ದನ್ನು ಇರುವುದರಿಂದ ಭಾಗಿಸು, ಅದು ಎಷ್ಟು ಎಂಎಲ್‌ನಲ್ಲಿದೆಯೋ ಅದರಿಂದ ಗುಣಿಸು. ನರ್ಸಿಂಗ್ ಓದಿದವರಿಗೆಲ್ಲ ಬಾಯಿಪಾಠವಾದ ಸೂತ್ರ.

ಈಗ ಚುಕ್ಕೆ ಒಂದು ಸ್ಥಾನ ಜರುಗಿತು ಅಂದುಕೊಳ್ಳಿ. 0.3 ಹೋಗಿ 3 ಆಯ್ತು. ಆದರೆ 80 ಎಂಜಿಯ ವಯಲ್‌ನಲ್ಲಿ ಇರೋದೇ 2 ಎಂಎಲ್. ಎರಡೂವರೆ ಕೆಜಿ ಕೂಡ ತೂಗದ ಕೂಸಿಗೆ ಒಂದು ವಯಲ್ ಸಾಲದೆ ಇನ್ನೊಂದಕ್ಕೆ ಕೈ ಹಾಕಬೇಕಾ? ಎಲ್ಲೋ ಎಡವಟ್ಟಾಗಿದೆ ಎಂಬ ಅನುಮಾನ ಅಲ್ಲೇ ಹುಟ್ಟಬೇಕು. ದಿನಾ ಲೆಕ್ಕ ಮಾಡುವವರಿಗೆ ಅದು ತಾನಾಗಿ ಹುಟ್ಟುತ್ತದೆ. ಪರದೆ ಮೇಲೆ ಕಂಡ ಅಂಕಿಯನ್ನು ಸುಮ್ನೆ ಸಿರಿಂಜ್‌ಗೆ ಇಳಿಸುವವರಿಗೆ ಹುಟ್ಟೋದು ಕಷ್ಟ.

ಕೈಲೆಕ್ಕ ಬೇಕು ಅನ್ನೋದಕ್ಕೆ ನನ್ನ ಮುಖ್ಯ ಕಾರಣ ಇದೇ. ಗುಣಾಕಾರ ಭಾಗಾಕಾರದಲ್ಲಿ ಯಂತ್ರವನ್ನು ಸೋಲಿಸಲು ಯಾರಿಂದಲೂ ಆಗಲ್ಲ, ಅದರ ಅಗತ್ಯವೂ ಇಲ್ಲ. ಉತ್ತರ ಸುಮಾರು ಎಷ್ಟಿರಬೇಕು ಅನ್ನೋ ಅಂದಾಜು ಮೊದಲೇ ತಲೆಯಲ್ಲಿರಬೇಕು. ಅದು ಬರುವುದು ಅಭ್ಯಾಸದಿಂದ ಮಾತ್ರ.

ಔಷಧಿಯನ್ನು ಹೇಳಿದ ವೇಗದಲ್ಲಿ ಮೈಗೆ ಹರಿಸುವ ಪಂಪ್ ಎಷ್ಟೇ ಜಾಣನಾಗಿದ್ದರೂ ಹಾಸಿಗೆಯಲ್ಲಿ ಮಲಗಿರುವುದು ಯಾರು ಅಂತ ಅದಕ್ಕೆ ಗೊತ್ತಿರಲ್ಲ. 60 ಕೆಜಿಯ ರೋಗಿಗೆ ರಕ್ತದೊತ್ತಡ ಏರಿಸುವ ಡೋಪಮಿನ್ ನಿಮಿಷಕ್ಕೆ, ಕೆಜಿಗೆ 5 ಮೈಕ್ರೋಗ್ರಾಂ. 50 ಎಂಎಲ್ ಸಿರಿಂಜ್‌ನಲ್ಲಿ 200 ಎಂಜಿ ಇದ್ದರೆ ಗಂಟೆಗೆ 4.5 ಎಂಎಲ್ ಹೋಗಬೇಕು. ತೂಕವನ್ನು ಪೌಂಡ್‌ನಲ್ಲಿ ಬರೆದಿದ್ದು, ಅದನ್ನೇ ಕೆಜಿ ಅಂತ ಒತ್ತಿದರೆ 60ರ ಜಾಗದಲ್ಲಿ 132 ಕೂರುತ್ತದೆ. 132 ಕೆಜಿಯ ಮನುಷ್ಯರೂ ಇರುತ್ತಾರಲ್ಲ, ಹಾಗಾಗಿ ಪಂಪ್ ತಕರಾರು ಮಾಡದೆ ಸುಮಾರು 10 ಎಂಎಲ್ ಓಡಿಸಬಹುದು. ಪಕ್ಕದಲ್ಲಿ ನಿಂತು ರೋಗಿಯನ್ನು ನೋಡುತ್ತಿರುವವರು ನರ್ಸ್ ಒಬ್ಬರೇ.

ಪಂಪ್ ಎಲ್ಲ ಹಾಸಿಗೆಗೂ ಇರಲ್ಲ, ಇದ್ದದ್ದೂ ಕೆಡುತ್ತದೆ. ಆಗ ಡ್ರಿಪ್ ಚೇಂಬರ್ ಮುಂದೆ ಗಡಿಯಾರ ಹಿಡಿದು ಹನಿ ಎಣಿಸಬೇಕು. ಒಂದು ಲೀಟರ್ 8 ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಸೆಟ್‌ನಲ್ಲಿ 1 ಎಂಎಲ್‌ಗೆ 20 ಹನಿ ಅಂದರೆ ನಿಮಿಷಕ್ಕೆ 42 ಹನಿ. ಸಣ್ಣ ಹನಿ ಬೀಳುವ ಮೈಕ್ರೋ ಸೆಟ್‌ನಲ್ಲಿ 1 ಎಂಎಲ್‌ಗೆ 60 ಹನಿ. ಅಲ್ಲಿ ಗಂಟೆಗೆ ಎಷ್ಟು ಎಂಎಲ್ಲೋ ನಿಮಿಷಕ್ಕೆ ಅಷ್ಟೇ ಹನಿ, ಲೆಕ್ಕವೇ ಬೇಡ. ಯಾಕೆ ಬೇಡ ಅಂತ ಗೊತ್ತಿರಬೇಕು ಅಷ್ಟೇ.

ಬ್ರಿಟನ್ನಿನ ನರ್ಸಿಂಗ್ ಮಂಡಳಿ 2018ರ ತನ್ನ ನಿಯಮಗಳಲ್ಲಿ ಔಷಧಿ ಲೆಕ್ಕದ ಪರೀಕ್ಷೆಗೆ ನೂರಕ್ಕೆ ನೂರು ಅಂಕ ಕಡ್ಡಾಯ ಮಾಡಿದೆ. ಜಾಸ್ತಿ ಆಯ್ತು ಅನ್ನುವವರಿದ್ದಾರೆ. ತೊಂಬತ್ತು ಬಂದವರನ್ನು ಪಾಸ್ ಮಾಡಿದರೆ ಆ ಉಳಿದ ಹತ್ತು ಯಾರ ಪಾಲಿಗೆ ಹೋಗಬೇಕು, ಹೇಳಿ?

ವಿರೋಧ: ಲೆಕ್ಕವನ್ನೇ ತೆಗೆದುಹಾಕಿ

2006ರಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಒಬ್ಬ ಕ್ಯಾನ್ಸರ್ ರೋಗಿಗೆ ಫ್ಲೋರೋಯುರಾಸಿಲ್ ಪಂಪ್ ಹಾಕಿದರು. ನಾಲ್ಕು ದಿನ, ಗಂಟೆಗೆ 1.2 ಎಂಎಲ್‌ನಂತೆ ಹೋಗಬೇಕಿದ್ದ ಔಷಧಿ. ಪಂಪ್‌ಗೆ ಕೊಟ್ಟಿದ್ದು ಗಂಟೆಗೆ 28.8. ನಾಲ್ಕು ದಿನದ ಔಷಧಿ ನಾಲ್ಕು ಗಂಟೆಯಲ್ಲಿ ಒಳಗೆ ಹೋಯಿತು. ರೋಗಿ ಬದುಕಲಿಲ್ಲ.

ಈ 28.8 ಎಲ್ಲಿಂದ ಬಂತು? ಅದು ಒಂದು ದಿನಕ್ಕೆ ಹೋಗಬೇಕಾದ ಎಂಎಲ್. ಅದನ್ನು ಮತ್ತೆ 24ರಿಂದ ಭಾಗಿಸಿದರೆ 1.2. ಆ ಕೊನೆಯ ಭಾಗಾಕಾರ ಬಿಟ್ಟುಹೋಯಿತು. ಲೇಬಲ್ ಮೇಲೆ ಎರಡೂ ಅಂಕಿ ಅಚ್ಚಾಗಿದ್ದವು. ಲೆಕ್ಕ ಮಾಡಿದಾಗ 28.8 ಬಂತು, ಲೇಬಲ್‌ನಲ್ಲೂ 28.8 ಕಂಡಿತು. ಸರಿ ಇದೆ ಅನ್ನಿಸದೆ ಇನ್ನೇನು ಅನ್ನಿಸುತ್ತದೆ? ಎರಡನೇ ನರ್ಸ್ ಕೂಡ ಪರಿಶೀಲಿಸಿದರು. ಅವರ ಲೆಕ್ಕವೂ ಅಲ್ಲೇ ನಿಂತಿತು.

ಕೈಲೆಕ್ಕ ಕಲಿಸಿದರೆ ಅನುಮಾನ ತಾನಾಗಿ ಹುಟ್ಟುತ್ತದೆ ಅನ್ನುವವರಿಗೆ ನಾನು ಈ ಪ್ರಕರಣ ತೋರಿಸುತ್ತೇನೆ. ಇಬ್ಬರಿಗೂ ಭಾಗಾಕಾರ ಬರುತ್ತಿತ್ತು. ಒಂದೇ ಲೇಬಲ್ ಮೇಲೆ ಎರಡು ಅಂಕಿ ಇಟ್ಟು, ಸರಿಯಾದದ್ದನ್ನು ಆರಿಸಿಕೋ ಅಂತ ಬಿಟ್ಟಿದ್ದು ಯಾರ ತಪ್ಪು?

ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ತಗೊಳ್ಳಿ. 5 ಎಂಎಲ್ ವಯಲ್ ಮೇಲೆ 1 ಎಂಎಲ್‌ಗೆ 5,000 ಯೂನಿಟ್ ಅಂತ ಬರೆದಿರುತ್ತದೆ. ಇಡೀ ವಯಲ್‌ನಲ್ಲಿ 25,000. ಅವಸರದಲ್ಲಿ 5,000 ಅಷ್ಟೇ ಕಣ್ಣಿಗೆ ಬಿದ್ದು ಪೂರ್ತಿ ಎಳೆದರೆ ಐದು ಪಟ್ಟು. ಇನ್ಸುಲಿನ್‌ದೂ ಇದೇ ಕತೆ. 1 ಎಂಎಲ್‌ಗೆ 40 ಯೂನಿಟ್ ಅಂತ ಗೆರೆ ಹಾಕಿದ ಸಿರಿಂಜ್‌ನಲ್ಲಿ 1 ಎಂಎಲ್‌ಗೆ 100 ಯೂನಿಟ್ ಇರುವ ಇನ್ಸುಲಿನ್ ಎಳೆದರೆ, ಗೆರೆ ಸರಿಯಾಗೇ ನೋಡಿದ್ದರೂ, ಎರಡೂವರೆ ಪಟ್ಟು. ಇಲ್ಲಿ ಯಾವ ಲೆಕ್ಕವೂ ತಪ್ಪಿಲ್ಲ ನೋಡಿ! ಪರೀಕ್ಷೆಯಲ್ಲಿ ಇಂಥದ್ದು ಬರೋದೇ ಇಲ್ಲ. ಪ್ರಶ್ನೆಪತ್ರಿಕೆ ಬೇಕಾದ ಅಂಕಿಗಳನ್ನು ಮಾತ್ರ ಸಾಲಾಗಿ ಜೋಡಿಸಿ ಕೊಡುತ್ತದೆ. ವಾರ್ಡ್‌ನಲ್ಲಿ ಬೇಕಾದದ್ದು, ಬೇಡದ್ದು ಎಲ್ಲ ಒಟ್ಟಿಗೇ ಸಿಗುತ್ತವೆ. ಹಾಗಾಗಿ ನೂರಕ್ಕೆ ನೂರು ತೆಗೆದವರೂ ರಾತ್ರಿ ಮೂರು ಗಂಟೆಗೆ, ಒಂದು ಕಡೆ ಫೋನ್, ಇನ್ನೊಂದು ಕಡೆ ಮುಂದಿನ ಪಾಳಿಗೆ ಕೊಡಬೇಕಾದ ಹ್ಯಾಂಡೋವರ್ ಬಾಕಿ ಇರುವಾಗ ತಪ್ಪಬಹುದು.

ತಪ್ಪಿದ ಮೇಲೆ ಏನಾಗುತ್ತದೆ? ನರ್ಸ್‌ಗೆ ಮೆಮೋ, ಮತ್ತೊಮ್ಮೆ ಲೆಕ್ಕದ ತರಬೇತಿ. ಅಗ್ಗದ ಪರಿಹಾರ. ವಯಲ್ ಇದ್ದಲ್ಲೇ ಇರುತ್ತದೆ, ಲೇಬಲ್ ಹಾಗೇ ಇರುತ್ತದೆ.

ಕೆಲಸ ಮಾಡಿದ್ದು ಬೇರೆ ದಾರಿ. ಅಡ್ರಿನಾಲಿನ್ ಬಲವನ್ನು ಹಿಂದೆ 1:1000, 1:10,000 ಅಂತ ಬರೆಯುತ್ತಿದ್ದರು. ಮೊದಲನೆಯದರಲ್ಲಿ 1 ಎಂಎಲ್‌ಗೆ 1 ಎಂಜಿ, ಎರಡನೆಯದರಲ್ಲಿ 0.1 ಎಂಜಿ. ಹೃದಯ ನಿಂತ ರೋಗಿಯ ಮುಂದೆ ನಿಂತು ಸೊನ್ನೆ ಎಣಿಸಬೇಕಿತ್ತು. ಅಮೆರಿಕ 2016ರಲ್ಲಿ ಆ ಬರವಣಿಗೆಯನ್ನು ಲೇಬಲ್‌ನಿಂದ ತೆಗೆದು, ಎಂಎಲ್‌ಗೆ ಇಷ್ಟು ಎಂಜಿ ಅಂತ ನೇರವಾಗಿ ಬರೆಸಿತು. ಬೆರೆಸದೆ ಕೊಟ್ಟರೆ ಹೃದಯವನ್ನೇ ನಿಲ್ಲಿಸಬಲ್ಲ ಗಾಢ ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲ್‌ಗಳನ್ನು ಎಷ್ಟೋ ಆಸ್ಪತ್ರೆಗಳು ವಾರ್ಡ್ ಕಪಾಟಿನಿಂದಲೇ ತೆಗೆದವು. ಬೆರೆಸಿ ಸಿದ್ಧಮಾಡಿದ ಬಾಟಲಿ ಫಾರ್ಮಸಿಯಿಂದ ಬರುತ್ತದೆ. ಒಂದೇ ಔಷಧಿಗೆ ಇಡೀ ಆಸ್ಪತ್ರೆಯಲ್ಲಿ ಒಂದೇ ಗಾಢತೆ, ಪಂಪ್‌ನಲ್ಲಿ ದಾಟಲಾಗದ ಮಿತಿ: ಇವು ಲೆಕ್ಕದ ಜಾಗವನ್ನೇ ಕಡಿಮೆ ಮಾಡುತ್ತವೆ. 0.5 ಅಂತ ಬರೆಯಬೇಕು, ಬರೀ .5 ಬೇಡ. 5 ಅಂತ ಬರೆಯಬೇಕು, 5.0 ಬೇಡ. ಸಣ್ಣ ನಿಯಮ, ಆದರೆ ಚುಕ್ಕೆ ಕಾಣದೆ ಆಗುವ ಹತ್ತು ಪಟ್ಟಿನ ತಪ್ಪನ್ನು ತಡೆಯುತ್ತದೆ.

ಪಂಪ್ ವಿಷಯದಲ್ಲಿ ಎದುರು ಪಕ್ಷದ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇನೆ. ಅದು ಮಾತುಮಾತಿಗೂ ಕಿರುಚಿದರೆ ಜನ ಓದದೇ ಬಟನ್ ಒತ್ತುತ್ತಾರೆ. ಮಿತಿಗಳನ್ನು ಯೋಚಿಸಿ ಹಾಕದಿದ್ದರೆ ಪಂಪ್ ಇದ್ದೂ ಇಲ್ಲದ ಹಾಗೆ. ಅದನ್ನು ಸರಿಮಾಡಬೇಕಾದವರು ಫಾರ್ಮಸಿ ಮತ್ತು ಆಡಳಿತದವರು.

ಹನಿ ಎಣಿಸೋದು ಬರಲಿ, ಬೇಡ ಅನ್ನಲ್ಲ. ಎರಡನೆಯವರ ಪರಿಶೀಲನೆಯೂ ಇರಲಿ, ಆದರೆ ಮೊದಲಿನವರ ಉತ್ತರ ನೋಡದೆ ಅವರು ಹೊಸದಾಗಿ ಲೆಕ್ಕ ಹಾಕಬೇಕು. 'ಇದು ಸರಿ ಇದೆಯಾ ನೋಡು ಸಿಸ್ಟರ್' ಅಂತ ಚೀಟಿ ತೋರಿಸಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ, 'ಹ್ಞೂಂ, ಸರಿ ಇದೆ'.